ಚಿಕ್ಕಪ್ಪನ ಪುಸ್ತಕ, ಚಿಕ್ಕಮ್ಮನ ಮಿಡಿ ಮತ್ತು ಸಾವಿರದ ಒಂಬೈನೂರು ಈಮೇಲು

ಈ ಕಡೆ ತಲೆ ಹಾಕಿ ತುಂಬಾ ದಿನ ಆಯ್ತು. ಬರೆಯೋಕೆ ಏನೂ ಇರಲಿಲ್ಲ ಅಂತಲ್ಲ. ಇದನ್ನ ಬರೆಯೋದಾದ್ರೆ ನನ್ನ ದಡ್ಡತನವನ್ನೂ ಬರೀಬೇಕಲ್ಲ ಅಂತ ಮುಂದೂಡ್ತಾ ಬಂದಿದ್ದೆ. ಮೊನ್ನೆ ಊರಿಂದ ರಾತ್ರಿ ಬಸ್ಸಿಗೆ ಹಾಕಿ ಕಳಿಸಿದ ಮಿಡಿ ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತೆಗೆದೆ ನೋಡಿ, ಆ ಸೊನೆಯ ಪರಿಮಳ ಮೂಗಿಗೆ ಬಡಿಯಿತು. ಇನ್ನೂ ಬರೆಯದಿದ್ರೆ ಇದನ್ನ ತಿನ್ನೋ ಯೋಗ್ಯತೆ ನನಗಿಲ್ಲ ಅನ್ನಿಸ್ತು. ಅದಕ್ಕೇ ಕೂತಿದ್ದೇನೆ.

ವಿಷಯ ಕೇಳಿದ್ರೆ ನಗ್ತೀರಿ. ಚಿಕ್ಕಮ್ಮನ ಉಪ್ಪಿನಕಾಯಿ ವ್ಯಾಪಾರಕ್ಕೆ ಗಿರಾಕಿಗಳಿಗೆ ಈಮೇಲ್ ಕಳಿಸೋಕೆ ಒಂದು ಒಳ್ಳೇ ಸೇವೆಯನ್ನ ಆರಿಸಿಕೊಡೋದು. ಅಷ್ಟೇ. ದಿನಾ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಸಂಬಳ ತಗೊಳ್ಳೋನಿಗೆ ಇದೇನು ಮಹಾ ಕೆಲಸ ಅಂತ ನಾನೂ ಅಂದುಕೊಂಡಿದ್ದೆ.

ಚಿಕ್ಕಪ್ಪನ ಮನೆ ಸಾಗರದಿಂದ ಇಪ್ಪತ್ತು ಕಿಲೋಮೀಟರ್ ಒಳಗೆ. ಎರಡು ಎಕರೆ ಅಡಿಕೆ ತೋಟ, ತೋಟದ ಕೆಳಗೊಂದು ಹಳ್ಳ, ಹಳ್ಳದ ದಂಡೆ ಮೇಲೆ ನಾಲ್ಕು ಅಪ್ಪೆ ಮಾವಿನ ಮರ. ಗೊತ್ತಿಲ್ಲದವರಿಗೆ ಒಂದು ಮಾತು ಹೇಳಿಬಿಡ್ತೀನಿ. ಎಲ್ಲಾ ಮಾವಿನ ಮಿಡಿಯೂ ಅಪ್ಪೆಮಿಡಿ ಆಗೋದಿಲ್ಲ. ಆ ಪರಿಮಳ, ಆ ಹುಳಿ ಇರೋ ಮರಗಳೇ ಬೇರೆ. ಮಾಳಂಜಿ ಅಪ್ಪೆ, ಅನಂತಭಟ್ಟನ ಅಪ್ಪೆ, ಜೀರಿಗೆ ಮಿಡಿ ಅಂತ ಒಂದೊಂದಕ್ಕೂ ಹೆಸರು. ಮಿಡಿಯನ್ನ ತೊಟ್ಟಿನ ಸಮೇತ, ನೆಲಕ್ಕೆ ಬಿದ್ದು ಪೆಟ್ಟಾಗದ ಹಾಗೆ ಕೊಯ್ದು, ಕಲ್ಲುಪ್ಪಿನಲ್ಲಿ ಹಾಕಿ ಇಡಬೇಕು. ಅದು ಉಪ್ಪುನೀರು ಬಿಟ್ಟು ಸುಕ್ಕುಗಟ್ಟಿದ ಮೇಲೆ ಸಾಸಿವೆ, ಒಣಮೆಣಸು ಅರೆದು ಕಲಸೋದು. ಸರಿಯಾಗಿ ಉಪ್ಪು ಹಿಡಿದ ಮಿಡಿ ವರ್ಷಗಟ್ಟಲೆ ಕೆಡೋದಿಲ್ಲ. ಮನೆ ಮರದ್ದು ಸಾಲದಿದ್ರೆ ಚಿಕ್ಕಪ್ಪ ರಿಪ್ಪನ್‌ಪೇಟೆಗೆ ಹೋಗಿ ಆರಿಸಿ ಆರಿಸಿ ತರ್ತಿದ್ದ.

ಕಲಸೋದು ಚಿಕ್ಕಮ್ಮ, ಮಾರೋದು ಚಿಕ್ಕಪ್ಪ. ಅಂಗಡಿ ಇಲ್ಲ, ಬೋರ್ಡಿಲ್ಲ. ಇದ್ದಿದ್ದು ಒಂದು ಉದ್ದನೆಯ ಬೈಂಡ್ ಪುಸ್ತಕ. ಅದರಲ್ಲಿ ಗಿರಾಕಿಯ ಹೆಸರು, ವಿಳಾಸ, ಫೋನ್, ಆಮೇಲೆ ಆಮೇಲೆ ಈಮೇಲು. ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಟಿಪ್ಪಣಿ: 'ಖಾರ ಕಡಿಮೆ', 'ಮಗಳು ಅಮೆರಿಕಾಕ್ಕೆ ಒಯ್ಯುತ್ತಾಳೆ, ಪ್ಯಾಕಿಂಗ್ ಗಟ್ಟಿ', 'ಬಿಪಿ, ಉಪ್ಪಿನ ವಿಷಯ ಹೇಳಬೇಕು', 'ದುಡ್ಡು ಕೇಳುವುದು ಬೇಡ, ತಾನಾಗೇ ಕಳಿಸುತ್ತಾರೆ'. ಮಿಡಿ ಕಾಲ ಬಂತು ಅಂದ್ರೆ ಮೊದಲು ಕಾರ್ಡು ಬರೀತಿದ್ದ. ಸಾಗರದ ಸೈಬರ್ ಕೆಫೆಯಲ್ಲಿ ನಾನೇ ಜೀಮೇಲ್ ಖಾತೆ ಮಾಡಿಕೊಟ್ಟ ಮೇಲೆ ಈಮೇಲ್ ಬರೀತಿದ್ದ. ಒಂದೇ ಸಲಕ್ಕೆ ನಲವತ್ತು ಜನರಿಗೆ, ಮರುದಿನ ಇನ್ನು ನಲವತ್ತು ಜನರಿಗೆ. ಈ ಸಲ ಮಳೆ ಹೇಗೆ, ಮರ ಎಷ್ಟು ಬಿಟ್ಟಿದೆ, ಹಟ್ಟಿಯಲ್ಲಿ ಯಾವ ದನ ಕರು ಹಾಕಿತು, ಕೊನೆಗೆ ಒಂದು ಸಾಲು ಉಪ್ಪಿನಕಾಯಿ. ಇಷ್ಟೇ ಅವನ ಮಾರ್ಕೆಟಿಂಗು.

2022ರ ಮಳೆಗಾಲದಲ್ಲಿ ಚಿಕ್ಕಪ್ಪ ಹೋಗಿಬಿಟ್ಟ. ಅದೇ ವರ್ಷ ಮಲೆನಾಡಿನ ತೋಟಗಳಿಗೆ ಎಲೆಚುಕ್ಕೆ ರೋಗ ಜೋರಾಗಿ ಬಂದಿದ್ದು ನಿಮಗೂ ನೆನಪಿರಬಹುದು. ನಮ್ಮ ತೋಟವನ್ನೂ ಬಿಡಲಿಲ್ಲ, ಅಡಿಕೆ ಅರ್ಧಕ್ಕಿಂತ ಕಡಿಮೆ ಆಯ್ತು. ಉಪ್ಪಿನಕಾಯಿಯ ದುಡ್ಡು ಅಲ್ಲೀವರೆಗೆ ಕೈಖರ್ಚಿಗೆ ಅಂತಿತ್ತು, ಈಗ ಅದೇ ಮನೆ ನಡೆಸಬೇಕಾಗಿ ಬಂತು. ಆದ್ರೆ 2023ರಲ್ಲಿ ಕಾಗದ ಬರೆಯೋರು ಯಾರೂ ಇರಲಿಲ್ಲ. ತಾವಾಗೇ ಫೋನ್ ಮಾಡಿದವರು ತಗೊಂಡ್ರು, ಮಿಕ್ಕಿದ್ದು ಭರಣಿಯಲ್ಲೇ ಉಳೀತು.

2024ರ ಜನವರಿಯಲ್ಲಿ ಚಿಕ್ಕಮ್ಮನ ಫೋನ್ ಬಂತು.

"ಅಪ್ಪಿ, ಹೋದ ವರ್ಷದ ಮಿಡಿ ಭರಣೀಲಿ ಹಂಗೇ ಇದ್ದು. ನಿನ್ನ ಚಿಕ್ಕಪ್ಪ ಎಲ್ಲರಿಗೂ ಕಾಗದ ಹಾಕ್ತಿದ್ದ ಅಲ್ದ, ಅದನ್ನ ಈ ಸಲ ನೀನೇ ಎಂತಾರು ಮಾಡಿ ಕಳ್ಸಕ್ಕು ನೋಡು."

"ಅದಕ್ಕೆಂತ ಚಿಕ್ಕಮ್ಮಾ, ಅದಕ್ಕೇ ಅಂತ ಸರ್ವಿಸ್ ಇರ್ತು, ನಾನು ನೋಡಿ ಮಾಡ್ತೆ" ಅಂದೆ, ಬಹಳ ಜಂಬದಿಂದ.

ಶುರುವಾಯ್ತು ನನ್ನ ಸಂಶೋಧನೆ. ಎರಡು ವಾರ ಆಫೀಸ್ ಮುಗಿಸಿ ಬಂದು ಇದೇ ಕೆಲಸ. ಒಂದು ದೊಡ್ಡ ಕೋಷ್ಟಕ ಮಾಡಿದೆ. ಮೊದಲ ಸಾಲಿನಲ್ಲಿ ಮೇಲ್‌ಚಿಂಪ್. ಅಟ್ಲಾಂಟಾದಲ್ಲಿ 2001ರಲ್ಲಿ ಶುರುವಾಗಿ, 2009ರಲ್ಲಿ ಉಚಿತ ಯೋಜನೆ ಕೊಟ್ಟು ಮನೆಮಾತಾದ ಕಂಪನಿ. 2021ರಲ್ಲಿ ಇನ್‌ಟ್ಯೂಟ್ ಸುಮಾರು 12 ಬಿಲಿಯನ್ ಡಾಲರಿಗೆ ಅದನ್ನ ಕೊಂಡಿತು. ಒಂದು ಕಾಲಕ್ಕೆ 2000 ಜನರ ಪಟ್ಟಿಯವರೆಗೂ ಪುಕ್ಕಟೆ ಇತ್ತು, ನಾನು ನೋಡುವಾಗ ಅದು 500 ಜನ, ತಿಂಗಳಿಗೆ 1000 ಮೇಲು ಅಂತ ಇಳಿದಿತ್ತು. ಎರಡನೇ ಸಾಲಿನಲ್ಲಿ ಲಿಥುವೇನಿಯಾದ ಮೇಲರ್‌ಲೈಟ್, ಆಗ 1000 ಜನರವರೆಗೆ ಪುಕ್ಕಟೆ. ಮೂರನೇದು ನಮ್ಮ ಚೆನ್ನೈನ ಜೋಹೋದವರ ಕ್ಯಾಂಪೇನ್ಸ್, ರೂಪಾಯಿಯಲ್ಲೇ ಬಿಲ್ಲು. ನಾಲ್ಕನೇದು ಪ್ಯಾರಿಸ್ಸಿನ ಬ್ರೆವೋ, 2023ರವರೆಗೆ ಸೆಂಡಿನ್‌ಬ್ಲೂ ಅನ್ನೋ ಹೆಸರಲ್ಲಿತ್ತು, ದಿನಕ್ಕೆ 300 ಮೇಲು ಪುಕ್ಕಟೆ. ಕೊನೆಗೆ ಅಮೆಜಾನಿನ ಎಸ್‌ಇಎಸ್, ಸಾವಿರ ಮೇಲಿಗೆ ಬರೀ 10 ಸೆಂಟು. ಆದ್ರೆ ಅದು ಅಂಚೆ ಚೀಲ ಮಾತ್ರ. ಪಟ್ಟಿ ಇಟ್ಟುಕೊಳ್ಳೋದು, ಕಾಗದ ಅಂದ ಮಾಡೋದು ಎಲ್ಲ ನಮ್ಮದೇ ತಲೆನೋವು.

ಕೋಷ್ಟಕದಲ್ಲಿ ಹದಿನೆಂಟು ಕಂಬಗಳಿದ್ದವು. ಯಾವುದರಲ್ಲಿ ಟೆಂಪ್ಲೇಟು ಜಾಸ್ತಿ, ಯಾವುದರಲ್ಲಿ ಎಷ್ಟು ಜನ ಮೇಲ್ ತೆರೆದ್ರು ಅಂತ ಗ್ರಾಫ್ ಚೆನ್ನಾಗಿ ಬರುತ್ತೆ, ಯಾವುದರಲ್ಲಿ ಹುಟ್ಟುಹಬ್ಬಕ್ಕೆ ತಾನಾಗೇ ಶುಭಾಶಯ ಹೋಗುತ್ತೆ... ಎಲ್ಲಾ ಇತ್ತು. 'ಯಾರಿಗೆ ಕಳಿಸೋದು' ಅನ್ನೋ ಒಂದು ಕಂಬ ಮಾತ್ರ ಇರಲಿಲ್ಲ. ಅದು ನನಗೆ ಹೊಳೆಯಲೇ ಇಲ್ಲ.

ಮಧ್ಯೆ ಒಬ್ಬ ಗೆಳೆಯ, "ಲೋ, ನಂಗೊತ್ತಿರೋ ಒಬ್ಬನ ಹತ್ರ ಬೆಂಗಳೂರಿನ ಅಪಾರ್ಟ್‌ಮೆಂಟಿನೋರ ಐವತ್ತು ಸಾವಿರ ಈಮೇಲ್ ಇದೆ, ಕಡಿಮೆಗೆ ಕೊಡ್ತಾನೆ" ಅಂದ. ಅಷ್ಟು ಬುದ್ಧಿ ನನಗಿತ್ತು, ಬೇಡ ಅಂದೆ. ಆದ್ರೆ ಮನಸ್ಸಿನಲ್ಲಿ ಪಟ್ಟಿ ಅಂದ್ರೆ ದೊಡ್ಡದಿರಬೇಕು ಅನ್ನೋ ಹುಳ ಹೊಕ್ಕಿತು ನೋಡಿ. ಪುಸ್ತಕ ಊರಲ್ಲಿತ್ತು. ಅದನ್ನ ತರಿಸಿ ಟೈಪ್ ಮಾಡೋ ಬದಲು ಚಿಕ್ಕಪ್ಪನ ಜೀಮೇಲ್ ಖಾತೆ ತೆರೆದು ಅಲ್ಲಿದ್ದ ಅಷ್ಟೂ ವಿಳಾಸಗಳನ್ನ ಇಳಿಸಿಕೊಂಡೆ. ಸಾವಿರದ ಒಂಬೈನೂರು ಚಿಲ್ಲರೆ! ಅಬ್ಬಾ, ಚಿಕ್ಕಪ್ಪ ಎಷ್ಟು ಜನರನ್ನ ಸಂಪಾದಿಸಿದ್ದ ಅಂತ ಹೆಮ್ಮೆಯೂ ಆಯ್ತು. ಒಮ್ಮೆ ಮೇಲ್ ಬರೆದವರನ್ನೆಲ್ಲ ಜೀಮೇಲ್ ತಾನಾಗೇ ನೆನಪಿಟ್ಟುಕೊಳ್ಳುತ್ತೆ ಅನ್ನೋದು ಗೊತ್ತಿದ್ದೂ ಮರೆತೆ. ಆ ಪಟ್ಟಿಯಲ್ಲಿ ಬ್ಯಾಂಕಿನವರಿದ್ರು, ಪಂಪ್‌ಸೆಟ್ ರಿಪೇರಿಯವನಿದ್ದ, ಚಿಕ್ಕಪ್ಪ ಕೊನೇ ಸಲ ತೋರಿಸಿಕೊಂಡ ಡಾಕ್ಟರಿದ್ರು.

ಇಷ್ಟು ಜನರಿಗೆ ಮೊದಲ ತಿಂಗಳು ಕಡಿಮೆ ದರದಲ್ಲಿ ಕಳಿಸಬಹುದು ಅನ್ನೋ ಒಂದು ಸೇವೆಯನ್ನ ಆರಿಸಿದೆ. ಹೆಸರು ಬೇಡ, ತಪ್ಪು ಅವರದ್ದಲ್ಲ, ನನ್ನದೇ. ಎಲ್ಲರಿಗೂ ಪರಿಚಯದ ವಿಳಾಸ ಅಂತ ಚಿಕ್ಕಪ್ಪನ ಜೀಮೇಲನ್ನೇ ಕಳಿಸುವವರ ಜಾಗದಲ್ಲಿ ಹಾಕಿದೆ. ಹಳದಿ ಬಣ್ಣದ ಎಚ್ಚರಿಕೆ ಏನೋ ಬಂತು, ಮುಚ್ಚಿದೆ. ಫೆಬ್ರವರಿ ಮೂರನೇ ವಾರ, ರಾತ್ರಿ ಹನ್ನೊಂದೂವರೆಗೆ ಗುಂಡಿ ಒತ್ತಿ, ದೊಡ್ಡ ಕೆಲಸ ಮುಗಿಸಿದವನ ಹಾಗೆ ಮಲಗಿದೆ.

ಬೆಳಿಗ್ಗೆ ಏಳಕ್ಕೆ ಚಿಕ್ಕಮ್ಮನ ಫೋನು. ಮೊದಲು ಸ್ವಲ್ಪ ಹೊತ್ತು ಮಾತೇ ಇಲ್ಲ.

"ಅಪ್ಪಿ... ಇವರ ಹೆಸರಲ್ಲಿ ಕಾಗದ ಹೋಯ್ದಡ."

ಎದೆ ಧಸಕ್ ಅಂತು. ಲ್ಯಾಪ್‌ಟಾಪ್ ತೆಗೆದು ನೋಡಿದೆ. ಕಳಿಸಿದವರು ಅನ್ನೋ ಜಾಗದಲ್ಲಿ ಚಿಕ್ಕಪ್ಪನ ಪೂರ್ತಿ ಹೆಸರು. ಖಾತೆಯಲ್ಲಿ ಇದ್ದದ್ದೇ ಅದು, ನಾನು ಬದಲಾಯಿಸಿರಲಿಲ್ಲ. ಮೊದಲ ಸಾಲು 'ಪ್ರೀತಿಯ ?????? ಅವರಿಗೆ'. ಕನ್ನಡದಲ್ಲಿದ್ದ ಹೆಸರುಗಳ ಸಿಎಸ್‌ವಿ ಕಡತವನ್ನ ಯುಟಿಎಫ್-8ರಲ್ಲಿ ಉಳಿಸದೇ ಏರಿಸಿದ್ದೆ. ಬರಹ, ನುಡಿ ಕಾಲದಿಂದ ಯೂನಿಕೋಡ್ ಯೂನಿಕೋಡ್ ಅಂತ ಊರಿಗೆಲ್ಲ ಉಪದೇಶ ಮಾಡಿದವನು ನಾನು! ಸತ್ತು ಹದಿನೆಂಟು ತಿಂಗಳಾದ ಮನುಷ್ಯ ಸಾವಿರದ ಒಂಬೈನೂರು ಜನರನ್ನ ಪ್ರಶ್ನಾರ್ಥಕ ಚಿಹ್ನೆ ಹಾಕಿ ಕರೆದ ಹಾಗಾಗಿತ್ತು.

ಉತ್ತರಗಳು ಚಿಕ್ಕಪ್ಪನ ಇನ್‌ಬಾಕ್ಸಿಗೆ ಬರ್ತಾ ಇದ್ದವು. ಮೈಸೂರಿನ ಒಬ್ಬ ನಿವೃತ್ತ ಮೇಷ್ಟ್ರು ಬರೆದಿದ್ದರು, ಎರಡು ವರ್ಷದಿಂದ ಸುದ್ದಿಯೇ ಇಲ್ಲ ಅಂತ ಚಿಂತೆಯಾಗಿತ್ತು, ಕಾಗದ ನೋಡಿ ಸಮಾಧಾನ ಆಯ್ತು, ಆರೋಗ್ಯವಷ್ಟೇ? ಅಂತ. ಇನ್ನೊಬ್ಬರು ಹದಿಮೂರನೇ ದಿನದ ಊಟಕ್ಕೆ ನಮ್ಮನೆಗೆ ಬಂದು ಹೋದವರು. ಹೋದ ಮನುಷ್ಯನ ಹೆಸರಲ್ಲಿ ವ್ಯಾಪಾರ ಮಾಡೋಕೆ ನಾಚಿಕೆ ಆಗೋಲ್ವಾ ಅಂತ ಎರಡೇ ಸಾಲು ಬರೆದಿದ್ರು. ಡಾಕ್ಟರ ಕಡೆಯಿಂದ ಉತ್ತರ ಬರಲಿಲ್ಲ. ಅದೇ ಪುಣ್ಯ.

ನಿಜ ಹೇಳಬೇಕಂದ್ರೆ ಅರ್ಧಕ್ಕರ್ಧ ಮೇಲು ಯಾರಿಗೂ ಕಾಣಲೇ ಇಲ್ಲ. 2024ರ ಫೆಬ್ರವರಿಯಿಂದ ಜೀಮೇಲ್, ಯಾಹೂ ಎರಡೂ ನಿಯಮ ಬಿಗಿ ಮಾಡಿದ್ದವು. ಜೀಮೇಲ್ ವಿಳಾಸದ ಹೆಸರು ಹೇಳಿಕೊಂಡು ಬೇರೆ ಯಾವುದೋ ಸರ್ವರಿನಿಂದ ಹೊರಟ ಮೇಲನ್ನ ಅವು ನಂಬೋದಿಲ್ಲ, ಸ್ಪ್ಯಾಮಿಗೆ ದಬ್ಬುತ್ತವೆ. ಆ ಹಳದಿ ಎಚ್ಚರಿಕೆ ಹೇಳಿದ್ದು ಇದನ್ನೇ. ಮುನ್ನೂರಕ್ಕೂ ಹೆಚ್ಚು ವಿಳಾಸ ಸತ್ತುಹೋಗಿದ್ದವು, ಮೇಲು ಗೋಡೆಗೆ ಹೊಡೆದ ಚೆಂಡಿನ ಹಾಗೆ ವಾಪಸ್ಸು ಬಂತು. ಕೆಲವರು ಸ್ಪ್ಯಾಮ್ ಅಂತ ದೂರು ಒತ್ತಿದ್ರು. ಎರಡೇ ದಿನಕ್ಕೆ ಸೇವೆಯವರು ಖಾತೆ ನಿಲ್ಲಿಸಿ, ಈ ಜನರೆಲ್ಲ ನಿಮ್ಮಿಂದ ಮೇಲ್ ಬೇಕು ಅಂತ ಯಾವಾಗ ಹೇಳಿದ್ರು ವಿವರಿಸಿ ಅಂತ ಕೇಳಿದ್ರು. ನನ್ನ ಹತ್ರ ಉತ್ತರ ಇರಲಿಲ್ಲ. ನ್ಯಾಯವಾದ ಪ್ರಶ್ನೆಯೇ.

ಚಿಕ್ಕಮ್ಮ ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. ಅವತ್ತಿಡೀ ದಿನ ಅವಳಿಗೆ ಫೋನ್ ಬರ್ತಾ ಇತ್ತಂತೆ. ಸಂಜೆ ನಾನು ಮಾಡಿದಾಗ ಒಂದೇ ಮಾತು ಹೇಳಿದಳು.

"ಅವ್ರು ಇಲ್ಲೆ ಹೇಳಿ ಇನ್ನೆಷ್ಟು ಜನಕ್ಕೆ ಹೇಳಕ್ಕು ಅಪ್ಪಿ ಆನು?"

ಆ ಶನಿವಾರವೇ ಊರಿಗೆ ಹೋದೆ. ಜಗಲಿಯಲ್ಲಿ ಕೂತಿದ್ದೆ, ತಲೆ ತಗ್ಗಿಸಿಕೊಂಡು. ಚಿಕ್ಕಮ್ಮ ಕಷಾಯ ಕೊಟ್ಟು ಒಳಗೆ ಹೋಗಿ ಆ ಬೈಂಡ್ ಪುಸ್ತಕ ತಂದು ನನ್ನ ಮುಂದೆ ಇಟ್ಟಳು. ಇಬ್ಬರೂ ಸೇರಿ ಮೊದಲ ಪುಟದಿಂದ ಓದೋಕೆ ಶುರು ಮಾಡಿದ್ವಿ.

ಪುಸ್ತಕದಲ್ಲಿ ಕೆಲವು ಹೆಸರಿನ ಮುಂದೆ ಒಂದು ಸಣ್ಣ ಚುಕ್ಕಿ ಇತ್ತು. ನಾನು ಅದು ಬಾಕಿ ಲೆಕ್ಕ ಅಂದುಕೊಂಡೆ. ಚಿಕ್ಕಮ್ಮ ಹೇಳಿದಳು, "ಮುಂದಿನ ವರ್ಷವೂ ಕಾಗದ ಹಾಕಿ ಹೇಳಿದವು ಅವು. ಉಳಿದವ್ಕೆ ಬರೀತಿದ್ನಿಲ್ಲೆ."

ಅಂದ್ರೆ ಚಿಕ್ಕಪ್ಪ ಕೇಳಿದವರಿಗೆ ಮಾತ್ರ ಬರೀತಿದ್ದ! ಒಂದು ಸಲ ಉಪ್ಪಿನಕಾಯಿ ಕೊಂಡು ಸುಮ್ಮನಾದವರಿಗೆ ಬರೀತಿರಲಿಲ್ಲ. ಬೇಡ ಅಂದವರ ಹೆಸರಿನ ಮೇಲೆ ಪೆನ್ಸಿಲ್ ಗೆರೆ. 1978ರಲ್ಲಿ ಅಮೆರಿಕಾದ ಒಂದು ಕಂಪ್ಯೂಟರ್ ಕಂಪನಿಯ ಮಾರಾಟಗಾರ ಅರ್ಪಾನೆಟ್ಟಿನಲ್ಲಿ ಸುಮಾರು 400 ಜನರಿಗೆ ಕೇಳದೇ ಜಾಹೀರಾತು ಕಳಿಸಿದ್ದು ಮೊದಲ ಸ್ಪ್ಯಾಮ್ ಅಂತ ನಾನೇ ಎಷ್ಟೋ ಸಲ ಗೆಳೆಯರಿಗೆ ಕಥೆ ಹೇಳಿ ನಕ್ಕಿದ್ದೇನೆ. ನಾನು ಮಾಡಿದ್ದು ಅದರ ಐದು ಪಟ್ಟು. 2023ರಲ್ಲಿ ನಮ್ಮ ದೇಶದಲ್ಲೂ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಬಂತು, ಜನರ ಒಪ್ಪಿಗೆ ಸ್ಪಷ್ಟವಾಗಿರಬೇಕು, ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ವಾಪಸ್ ತಗೊಳ್ಳೋ ಹಾಗಿರಬೇಕು ಅನ್ನುತ್ತೆ ಅದು. ಚಿಕ್ಕಪ್ಪ ಅದನ್ನ ಒಂದು ಚುಕ್ಕಿ, ಒಂದು ಪೆನ್ಸಿಲ್ ಗೆರೆಯಲ್ಲಿ ಮಾಡಿಟ್ಟಿದ್ದ.

ಚುಕ್ಕಿ ಇದ್ದವರು ಇನ್ನೂರ ಎಂಬತ್ತೇಳು ಜನ. ಚಿಕ್ಕಮ್ಮನೇ ಫೋನ್ ಮಾಡ್ತೆ ಅಂದಳು. "ಎಂಗೆ ಬೈದ್ರೂ ಅಡ್ಡಿಲ್ಲೆ, ಹೇಳದು ಹೇಳಿಬಿಡ್ತೆ." ಎರಡು ವಾರಾಂತ್ಯ ನಾನು ನಂಬರ್ ಒತ್ತಿ ಕೊಡೋದು, ಅವಳು ಮಾತಾಡೋದು. ಮೊದಲು ಚಿಕ್ಕಪ್ಪನ ಸುದ್ದಿ, ಆಮೇಲೆ ಕ್ಷಮೆ, ಆಮೇಲೆ ಇನ್ನು ಮುಂದೆ ತಾನು ಬರೀಬಹುದಾ ಅನ್ನೋ ಪ್ರಶ್ನೆ. ಮೈಸೂರಿನ ಮೇಷ್ಟ್ರ ಹತ್ರ ಮಾತಾಡುವಾಗ ನಾನು ಎದ್ದು ಅಂಗಳಕ್ಕೆ ಹೋದೆ. ಕೊನೆಗೆ ಇನ್ನೂರ ಹದಿನಾಲ್ಕು ಜನ ಹೂಂ ಅಂದ್ರು.

ಸಾವಿರದ ಒಂಬೈನೂರು ಹೋಗಿ ಇನ್ನೂರ ಹದಿನಾಲ್ಕು ಆದ ಕೂಡಲೇ ನನ್ನ ಹದಿನೆಂಟು ಕಂಬದ ಕೋಷ್ಟಕ ತಾನಾಗೇ ಸಣ್ಣದಾಯ್ತು. ಕೇಳಬೇಕಾದ ಪ್ರಶ್ನೆ ನಾಲ್ಕೇ ಉಳಿದವು. ನಿಮಗೂ ಉಪಯೋಗ ಆಗಬಹುದು ಅಂತ ಬರೀತೀನಿ.

ಒಂದು, ಲೆಕ್ಕ ತಲೆಗೋ, ಕಾಗದಕ್ಕೋ? ಹೆಚ್ಚಿನ ಸೇವೆಗಳು ಪಟ್ಟಿಯಲ್ಲಿ ಎಷ್ಟು ಜನ ಇದ್ದಾರೆ ಅನ್ನೋದರ ಮೇಲೆ ತಿಂಗಳು ತಿಂಗಳು ದುಡ್ಡು ಕೇಳುತ್ತವೆ, ನೀವು ಕಳಿಸಿ ಬಿಡಿ. ಕೆಲವು ಕಡೆ ಬೇಡ ಅಂತ ಬಿಟ್ಟು ಹೋದವರನ್ನೂ ತಲೆ ಲೆಕ್ಕಕ್ಕೆ ಹಿಡಿಯುತ್ತವೆ. ವಾರವಾರ ಬರೆಯೋ ಅಂಗಡಿಗೆ ಅದು ಸರಿ. ಚಿಕ್ಕಮ್ಮ ಬರೆಯೋದು ವರ್ಷಕ್ಕೆ ಮೂರು ಕಾಗದ. ಅವಳಿಗೆ ಕಾಗದದ ಮೇಲೆ ಲೆಕ್ಕ ಹಿಡಿಯುವವರೇ ಸರಿ.

ಎರಡು, ಪಟ್ಟಿ ನಮ್ಮ ಕೈಗೆ ವಾಪಸ್ ಬರುತ್ತಾ? ನಾಳೆ ಕಂಪನಿ ಮಾರಿ ಹೋಗಬಹುದು, ಪುಕ್ಕಟೆ ಅಂದಿದ್ದು ನಿಲ್ಲಬಹುದು. ಯಾರು ಸೇರಿದ್ರು, ಯಾರು ಬಿಟ್ರು ಅನ್ನೋದು ಸಮೇತ ಇಳಿಸಿಕೊಳ್ಳೋಕೆ ಆಗಬೇಕು. ಖಾತೆ ಮಾಡಿದ ದಿನವೇ ಒಂದು ಸಲ ಇಳಿಸಿ ನೋಡಿಬಿಡಿ.

ಮೂರು, ದುಡ್ಡು ಕೊಡಬೇಕಾಗಿ ಬಂದ್ರೆ ಹೇಗೆ? 2021ರ ಅಕ್ಟೋಬರಿನಲ್ಲಿ ತಾನಾಗೇ ಕಾರ್ಡಿನಿಂದ ದುಡ್ಡು ಕಡಿತ ಆಗೋದಕ್ಕೆ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಬಂದಾಗ ವಿದೇಶಿ ಸೇವೆಗಳ ಎಷ್ಟೋ ಪಾವತಿಗಳು ಅರ್ಧದಲ್ಲೇ ನಿಂತಿದ್ದವು. ಸಾಗರದ ಬ್ಯಾಂಕಿನ ಡೆಬಿಟ್ ಕಾರ್ಡು ಇಟ್ಟುಕೊಂಡ ಚಿಕ್ಕಮ್ಮ ಡಾಲರ್ ಚಂದಾಕ್ಕೆ ಒದ್ದಾಡೋದು ಬೇಡ.

ನಾಲ್ಕು, ಕನ್ನಡ ನೆಟ್ಟಗೆ ಬರುತ್ತಾ? ಇದು ನಮ್ಮಂಥವರು ಮಾತ್ರ ಕೇಳೋ ಪ್ರಶ್ನೆ. ಶೀರ್ಷಿಕೆಯಲ್ಲಿ ಒತ್ತಕ್ಷರ ಮುರೀತದಾ, 'ಇನ್ನು ಮೇಲ್ ಬೇಡ' ಅನ್ನೋ ಕೊಂಡಿಯ ಬರಹವನ್ನ ಕನ್ನಡಕ್ಕೆ ಬದಲಾಯಿಸೋಕೆ ಆಗುತ್ತಾ ಅಂತ ನೋಡಿ. ಯುಟಿಎಫ್-8ರಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್. 'ಕ್ಷ' ಅಂತ ಬರೆದ್ರೆ ಕ, ಹಲಂತ, ಷ ಸೇರಿ ಒಂಬತ್ತು! ಮೇಲು 102 ಕಿಲೋಬೈಟ್ ದಾಟಿದ್ರೆ ಜೀಮೇಲ್ ಅದನ್ನ ಅರ್ಧಕ್ಕೆ ಕತ್ತರಿಸಿ ತೋರಿಸುತ್ತೆ. ಉದ್ದ ಕಾಗದ ಬರೆದ್ರೂ ಅಷ್ಟಾಗೋದಿಲ್ಲ, ಆದ್ರೆ ಬಣ್ಣದ ಟೆಂಪ್ಲೇಟಿನ ಹಿಂದಿರೋ ಕೋಡ್ ಸೇರಿದ್ರೆ ಆಗಬಹುದು. ಕತ್ತರಿಸಿದಾಗ ಮೊದಲು ಮಾಯ ಆಗೋದು ಕೆಳಗಿರೋ 'ಬೇಡ' ಅನ್ನೋ ಕೊಂಡಿ. ನಾವು ಟೆಂಪ್ಲೇಟೇ ಹಾಕಲಿಲ್ಲ. ಬಿಳಿ ಹಾಳೆ, ಕಪ್ಪಕ್ಷರ.

ಇದನ್ನೆಲ್ಲ ನೋಡಿ ಬ್ರೆವೋ ಸಾಕು ಅಂತ ತೀರ್ಮಾನ ಮಾಡಿದೆ. ಅದೇ ಎಲ್ಲಕ್ಕಿಂತ ಶ್ರೇಷ್ಠ ಅಂತಲ್ಲ, ಕಾಗದದ ಲೆಕ್ಕ ಹಿಡಿಯುತ್ತೆ, 214 ಜನ ಆ ದಿನಕ್ಕೆ 300ರ ಒಳಗೆ ಬರ್ತಾರೆ ಅಂತ. ವಾರವಾರ ಬರೆಯೋರಿಗೆ ಬೇರೆಯದೇ ಸರಿಹೋಗಬಹುದು. ವಾಟ್ಸಾಪ್ ಯಾಕೆ ಬೇಡ ಅಂತ ನೀವು ಕೇಳಬಹುದು, ನಾನೂ ಕೇಳಿದ್ದೆ. ಅಲ್ಲಿ ಬ್ರಾಡ್‌ಕಾಸ್ಟ್ ಕಳಿಸಿದ್ರೆ ನಮ್ಮ ನಂಬರನ್ನ ಉಳಿಸಿಟ್ಟುಕೊಂಡವರಿಗೆ ಮಾತ್ರ ತಲುಪುತ್ತೆ. ಗಿರಾಕಿಗಳಲ್ಲಿ ಬಹಳ ಜನರ ಹತ್ರ ಇದ್ದದ್ದು ಚಿಕ್ಕಪ್ಪನ ನಂಬರು.

ಈ ಸಲ ಚಿಕ್ಕಮ್ಮನ ಹೆಸರಲ್ಲೇ ಒಂದು ಸ್ವಂತ ಡೊಮೇನ್ ಕೊಂಡೆ, ವರ್ಷಕ್ಕೆ ಎಂಟುನೂರು ರೂಪಾಯಿ ಚಿಲ್ಲರೆ. ಅದಕ್ಕೆ ಮೂರು ಸಾಲು ಸೇರಿಸಬೇಕು. ಚಿಕ್ಕಮ್ಮ ಅದೇನು ಅಂತ ಕೇಳಿದಳು, ಹೀಗೆ ಹೇಳಿದೆ: ಎಸ್‌ಪಿಎಫ್ ಅಂದ್ರೆ ನಮ್ಮನೆ ಕಾಗದವನ್ನ ಯಾವ ಯಾವ ಅಂಚೆಯವರು ತರಬಹುದು ಅನ್ನೋ ಪಟ್ಟಿ. ಡಿಕೆಐಎಂ ಅಂದ್ರೆ ಲಕೋಟೆಗೆ ಒತ್ತಿದ ಅರಗಿನ ಮುದ್ರೆ, ದಾರಿಯಲ್ಲಿ ಯಾರಾದ್ರೂ ತಿದ್ದಿದ್ರೆ ಗೊತ್ತಾಗುತ್ತೆ. ಡಿಮಾರ್ಕ್ ಅಂದ್ರೆ ಇವೆರಡೂ ಸರಿ ಇಲ್ಲದ ಕಾಗದ ನಮ್ಮ ಹೆಸರಲ್ಲಿ ಬಂದ್ರೆ ಏನು ಮಾಡಬೇಕು ಅಂತ ಅವರಿಗೆ ನಾವು ಹೇಳಿಡೋ ಮಾತು. ಅವಳಿಗೆ ಎಷ್ಟು ಅರ್ಥ ಆಯ್ತೋ, "ಹಂಗಾರೆ ಇನ್ನು ಯಾರೂ ಇನ್ನೊಬ್ರ ಹೆಸರಲ್ಲಿ ಬರಿಯಲೆ ಆಗ್ತಿಲ್ಲೆ ಅಲ್ದ" ಅಂದಳು. ನಾನು ಸುಮ್ಮನಿದ್ದೆ.

ಯಾರು ಮೇಲ್ ತೆರೆದ್ರು ಅಂತ ತಿಳಿಯೋ ವಿದ್ಯೆಯನ್ನೂ ಹೇಳಿದೆ. ಮೇಲಿನೊಳಗೆ ಕಣ್ಣಿಗೆ ಕಾಣದಷ್ಟು ಚಿಕ್ಕ ಚಿತ್ರ ಇರುತ್ತೆ, ತೆರೆದಾಗ ಅದು ಸರ್ವರಿನಿಂದ ಇಳಿಯುತ್ತೆ, ಅಲ್ಲಿ ಲೆಕ್ಕ ಬೀಳುತ್ತೆ. 2021ರಲ್ಲಿ ಆಪಲ್‌ನವರು ಆ ಚಿತ್ರವನ್ನ ತಾವೇ ಮುಂಚಿತವಾಗಿ ಇಳಿಸೋಕೆ ಶುರು ಮಾಡಿದ ಮೇಲೆ ಆ ಲೆಕ್ಕವನ್ನ ನೆಚ್ಚೋ ಹಾಗೂ ಇಲ್ಲ. ಚಿಕ್ಕಮ್ಮ ಮುಖ ಕಿವಿಚಿದಳು. "ಕಾಗದ ಒಡದ್ವಾ ಇಲ್ಯಾ ಹೇಳಿ ಅಂಚೆಯವ ಕಿಟಕೀಲಿ ಇಣುಕಿ ನೋಡಿದ ಹಂಗಾತಲ ಅಪ್ಪಿ!" ಆ ಪುಟವನ್ನ ನಾನು ಮತ್ತೆ ತೆರೆಯಲಿಲ್ಲ.

ಮೇಲಿನ ಕೆಳಗೆ ಅಂಚೆ ವಿಳಾಸ ಹಾಕಲೇಬೇಕು ಅಂತ ಇತ್ತು. ಅದು ಅಮೆರಿಕಾದ 2003ರ ಕಾನೂನಿನಿಂದ ಬಂದ ಪದ್ಧತಿ. ಚಿಕ್ಕಮ್ಮ ವಿಳಾಸದ ಕೆಳಗೆ ಇನ್ನೊಂದು ಸಾಲು ಸೇರಿಸು ಅಂದಳು, ಜೋಗಕ್ಕೆ ಬಂದರೆ ಮನೆಗೂ ಬನ್ನಿ ಅಂತ.

ಕಾಗದ ಅವಳು ಹೇಳಿದ್ದು, ನಾನು ಟೈಪ್ ಮಾಡಿದ್ದು. ಚಿಕ್ಕಪ್ಪ ಇಲ್ಲ ಅನ್ನೋದು ಮೊದಲ ಸಾಲು. ಈ ಸಲ ಹಳ್ಳದ ದಂಡೆಯ ಎರಡು ಮರ ಬಿಟ್ಟಿವೆ, ಎರಡು ಬಿಟ್ಟಿಲ್ಲ. ತೋಟಕ್ಕೆ ರೋಗ ಬಂದಿದೆ. ಕಪ್ಪು ಆಕಳು ಹೆಣ್ಣು ಕರು ಹಾಕಿದೆ. ಹೋದ ವರ್ಷದ ಮಿಡಿ ಚೆನ್ನಾಗಿ ಉಪ್ಪು ಹಿಡಿದಿದೆ, ಬೇಕಾದವರು ತಿಳಿಸಿ. ಇಷ್ಟೇ. ಮಾರ್ಚಿಯ ಒಂದು ಬೆಳಿಗ್ಗೆ, ಪುಸ್ತಕದ ಜೊತೆ ಹೆಸರು ಒಂದೊಂದಾಗಿ ತಾಳೆ ನೋಡಿ, ಮೊದಲು ನನಗೂ ಆಮೇಲೆ ಅಮ್ಮನಿಗೂ ಕಳಿಸಿ ನೋಡಿ, ಆಮೇಲೆ ಗುಂಡಿ ಒತ್ತಲು ಅವಳಿಗೇ ಹೇಳಿದೆ. ಅವಳು ಸೆರಗಿಗೆ ಬೆರಳು ಒರೆಸಿಕೊಂಡು ಒತ್ತಿದಳು.

ಒಂದು ವಾರದಲ್ಲಿ ತೊಂಬತ್ತಕ್ಕೂ ಹೆಚ್ಚು ಉತ್ತರ ಬಂದವು. ಎಲ್ಲರೂ ಉಪ್ಪಿನಕಾಯಿ ಕೇಳಿರಲಿಲ್ಲ, ಕೆಲವರು ಚಿಕ್ಕಪ್ಪನ ಬಗ್ಗೆ ಬರೆದಿದ್ರು, ಅಷ್ಟೇ. ಐವತ್ತೆಂಟು ಜನ ತರಿಸಿಕೊಂಡ್ರು, ಭರಣಿ ಪೂರ್ತಿ ಖಾಲಿಯಾಗಲಿಲ್ಲ, ಮುಕ್ಕಾಲು ಆಯ್ತು. ಆರು ಜನ 'ಬೇಡ' ಒತ್ತಿದ್ರು. ಸೇವೆಯ ಪಟ್ಟಿಯಲ್ಲಿ ಅವರು ತಾವಾಗೇ ಬಿಟ್ಟು ಹೋಗಿದ್ರು, ಆದ್ರೂ ಚಿಕ್ಕಮ್ಮ ಆ ಆರು ಹೆಸರು ಕೇಳಿ ತಿಳಿದು ಪುಸ್ತಕದಲ್ಲಿ ಪೆನ್ಸಿಲ್ ಗೆರೆ ಎಳೆದಳು. ನಾಚಿಕೆ ಆಗೋಲ್ವಾ ಅಂತ ಬರೆದಿದ್ದರಲ್ಲ, ಅವರಿಗೆ ಅವಳು ಫೋನಿನಲ್ಲೇ ನಡೆದಿದ್ದು ಹೇಳಿದ್ದಳು. ಅವರು ಹೂಂ ಅನ್ನಲಿಲ್ಲ. ಅವರಿಗೆ ನಾವು ಮತ್ತೆ ಬರೆದಿಲ್ಲ.

ಅದಾದ ಮೇಲೆ 2025ರ ಮಿಡಿ ಕಾಲವೂ ಕಳೀತು. ಪಟ್ಟಿ ಇನ್ನೂರ ನಲವತ್ತರ ಹತ್ತಿರ ಇದೆ. ಹೊಸಬರ ಹೆಸರು ಪುಸ್ತಕದಲ್ಲಿ ಚಿಕ್ಕಮ್ಮನ ದುಂಡಕ್ಷರದಲ್ಲಿವೆ, ಮುಂದೆ ಚುಕ್ಕಿ. ಚಿಕ್ಕಪ್ಪನ ಜೀಮೇಲನ್ನ ಮುಚ್ಚೋಣ ಅಂತ ಒಮ್ಮೆ ಕೇಳಿದೆ. ಮೈಸೂರಿನ ಮೇಷ್ಟ್ರು ಈಗಲೂ ಅಭ್ಯಾಸಬಲದಿಂದ ಅಲ್ಲಿಗೇ ಬರೀತಾರೆ, ಇರಲಿ ಬಿಡು ಅಂದಳು.

ಹಾಗಾಗಿ, ಮನೆಯವರ ಸಣ್ಣ ವ್ಯಾಪಾರಕ್ಕೆ ಇಂಥ ಸೇವೆ ಹುಡುಕ್ತಾ ಇರೋರು ಯಾರಾದ್ರೂ ನಿಮ್ಮಲ್ಲಿ ಇದ್ರೆ, ಯಾವ ಕಂಪನಿ ಅಂತ ಕೇಳೋ ಮೊದಲು ಯಾರು ಯಾರು ಬರೀರಿ ಅಂದಿದ್ದಾರೆ ಅಂತ ಒಂದು ಹಾಳೆಯಲ್ಲಿ ಬರೆದು ನೋಡಿ. ನನಗೆ ಎರಡು ವಾರ, ಒಂದು ಖಾತೆ ಮತ್ತು ಚಿಕ್ಕಮ್ಮನ ಒಂದು ಇಡೀ ದಿನ ಖರ್ಚಾದ ಮೇಲೆ ಗೊತ್ತಾಗಿದ್ದು ಅದು.

ಊಟಕ್ಕೆ ಹೊತ್ತಾಯ್ತು. ಮೊಸರನ್ನ ಕಲಸಿಟ್ಟಿದ್ದೇನೆ, ಪಕ್ಕದಲ್ಲಿ ಎರಡು ಮಿಡಿ. ಮತ್ತೆ ಸಿಗೋಣ :)